ಮನೆಯಲ್ಲಿ ವಜ್ರವಿದ್ದ ವಾರ

ಬೇರೆಯವರು ಆರಿಸುವುದನ್ನು ನೋಡಿ ನೋಡಿಯೇ ದಣಿದುಹೋದ ಮನುಷ್ಯ ನಾನು. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಅಂಗಡಿಯ ಹಿಂದೆಯೇ ಮನೆ, ಹಿತ್ತಲ ಕಡೆ ಒಂದಿಷ್ಟು ಪವರ್‌ಲೂಮ್ ಮಗ್ಗಗಳಿವೆ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕುಳಿತರೆ ಸಂಜೆಯ ತನಕ ಸೀರೆ ಬಿಚ್ಚುವುದು, ಮಡಚುವುದು, ಇಷ್ಟೇ ನನ್ನ ಬಾಳು. "ಇದ ಬಣ್ಣದಾಗ ಬ್ಯಾರೆ ಅಂಚು ತೋರಿಸ್ರಿ" ಎನ್ನುತ್ತಾರೆ. ತೋರಿಸುತ್ತೇನೆ. "ಇದ ಅಂಚಿನಾಗ ಬ್ಯಾರೆ ಬಣ್ಣ?" ಅದನ್ನೂ ತೋರಿಸುತ್ತೇನೆ. ಗಾದಿಯೇ ಕಾಣದಷ್ಟು ಸೀರೆ ಗುಡ್ಡೆ ಬಿದ್ದ ಮೇಲೆ, "ಮೊದಲ ತೋರಿಸಿದ್ರಲ್ಲ, ಅದನ್ನ ಕಟ್ಟಿ ಕೊಡ್ರಿ" ಎಂದು ಎದ್ದು ನಿಲ್ಲುತ್ತಾರೆ. ಆ ಮೊದಲನೆಯದು ಗುಡ್ಡೆಯ ತಳದಲ್ಲಿರುತ್ತದೆ. ಇದನ್ನೆಲ್ಲ ನಾನು ಮನೆಯಲ್ಲಿ ದಿನವೂ ಹೇಳಿಕೊಳ್ಳುತ್ತೇನೆ. ಊಟಕ್ಕೆ ಕುಳಿತಾಗ ಸೀರೆಯ ವಿಷಯ, ಮಲಗುವಾಗ ನೂಲಿನ ದರದ ವಿಷಯ, ನಡುವೆ ಬಿಡುವಾದರೆ ಮೊಣಕಾಲಿನ ವಿಷಯ. ಮನೆಯವರು ಇದಕ್ಕೆ ಗೊಣಗುವುದು ಎನ್ನುತ್ತಾರೆ. ನಾನು ಇದನ್ನು ಮಾತುಕತೆ ಎಂದೇ ತಿಳಿದಿದ್ದೆ.

ಇಂಥ ನನ್ನ ತಲೆಗೆ ವಜ್ರವೊಂದನ್ನು ಆರಿಸುವ ಕೆಲಸ ಬಂತು. ಮಗಳು ಗೀತಾ ಮಹಾಲಿಂಗಪುರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಮುಧೋಳದ ಹುಡುಗನೊಂದಿಗೆ ಸಂಬಂಧ ಕೂಡಿಬಂತು. ಬೀಗರು ಬಹಳ ಸಭ್ಯರು. "ನಿಶ್ಚಯಕ್ಕ ಉಂಗುರ ನಾವು ಹಾಕತೀವ್ರಿ. ಹರಳು ಮಾತ್ರ ಹುಡುಗಿ ಮನಸಿಗೆ ಬಂದದ್ದ ಆಗಲಿ" ಎಂದರು. ಸಭ್ಯರಿಂದ ಆಗುವಷ್ಟು ತೊಂದರೆ ಒರಟರಿಂದ ಆಗುವುದಿಲ್ಲ. ಅವರೇ ಒಂದು ಉಂಗುರ ತಂದು ಹಾಕಿದ್ದರೆ ಎಲ್ಲರೂ ಹಿಂದಿನಿಂದ ಹೆಸರಿಟ್ಟು ಸುಮ್ಮನಾಗುತ್ತಿದ್ದೆವು. ಗೀತಾ ಮೊಬೈಲಿನಲ್ಲಿ ಏನೇನೋ ಓದಿ, ತನಗೆ ಕುಶನ್ ಕಟ್ ವಜ್ರವೇ ಬೇಕು ಎಂದಳು. ಚೌಕವೂ ಅಲ್ಲದ, ದುಂಡಗೂ ಇಲ್ಲದ, ಮೂಲೆಗಳು ಮೆತ್ತಗಾದ ಹರಳು. ಚಿತ್ರ ನೋಡಿ ನನ್ನ ಹೆಂಡತಿ ಸರೋಜಾ, "ಚಂದ ಐತಿ ಬಿಡ್ರಿ, ಸಣ್ಣ ತಲಿದಿಂಬು ಇದ್ದಂಗ ಐತಿ" ಎಂದಳು. ದಿಂಬು ಎಂದ ಕೂಡಲೇ ನನಗೆ ನಿದ್ದೆ ಬಂತು. ಆದರೆ ಮಾರನೆಯ ದಿನವೇ ಸರೋಜಾ ನನ್ನನ್ನೂ ಗೀತಾಳನ್ನೂ ಜಮಖಂಡಿಯ ಬಸ್ಸು ಹತ್ತಿಸಿದಳು.

ಜಮಖಂಡಿಯಲ್ಲಿ ನಮಗೆ ಗುರುತಿನ ಬಂಗಾರದಂಗಡಿ ಇದೆ; ಆ ಮನೆಯ ಹೆಂಗಸರು ನಮ್ಮಲ್ಲಿಗೇ ಸೀರೆಗೆ ಬರುತ್ತಾರೆ. ಮಾಲೀಕರು ಬಿಳಿ ಕಾಗದದ ಮಡಿಕೆಗಳನ್ನು ಬಿಚ್ಚಿ ಹರಳುಗಳನ್ನು ಸಾಲಾಗಿ ಇಟ್ಟರು. ಮೊದಲ ಸಲ ನಾನು ಗಿರಾಕಿಯ ಜಾಗದಲ್ಲಿ ಕುಳಿತಿದ್ದೆ. ಕುಳಿತ ಕೂಡಲೇ ನನ್ನೊಳಗೆ ಎಷ್ಟೋ ವರ್ಷ ಅಡಗಿದ್ದ ಗಿರಾಕಿ ಎದ್ದುಬಂದ. ಕಿಸೆಯಲ್ಲಿ ನೂಲಿನ ಎಳೆ ಎಣಿಸುವ ಮಡಿಸುವ ಭೂತಗನ್ನಡಿ ಯಾವಾಗಲೂ ಇರುತ್ತದೆ. ಅದನ್ನೇ ತೆಗೆದು ಹರಳಿನ ಮೇಲೆ ಇಟ್ಟೆ. ಎಳೆಯೊಂದೂ ಕಾಣಲಿಲ್ಲ. "ಇದರ ಒಳಮೈ ತೋರಿಸ್ರಿ" ಎಂದೆ. ಮಾಲೀಕರು ಮರ್ಯಾದೆಯಿಂದ ಹರಳನ್ನು ಬೋರಲು ಹಾಕಿದರು. ಇಷ್ಟಕ್ಕೆ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸೀರೆಯ ಬಣ್ಣವನ್ನು ಅಂಗಡಿಯ ದೀಪದಲ್ಲಿ ನಂಬಬಾರದು, ಬಿಸಿಲಿಗೆ ಒಯ್ದು ನೋಡಬೇಕು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಕೈ ತಾನಾಗಿಯೇ ಹರಳನ್ನು ಎತ್ತಿಕೊಂಡಿತು, ಕಾಲು ತಾನಾಗಿಯೇ ಹೊಸ್ತಿಲು ದಾಟಿತು. ಬಜಾರಿನ ನಡುವೆ ನಿಂತು ವಜ್ರವನ್ನು ಸೂರ್ಯನಿಗೆ ಹಿಡಿದಿದ್ದಾಗ ತಿರುಗಿ ನೋಡುತ್ತೇನೆ, ಅಂಗಡಿಯ ಕಾವಲುಗಾರ, ಇಬ್ಬರು ನೌಕರರು, ಅವರ ಹಿಂದೆ ಸ್ವತಃ ಮಾಲೀಕರು ಬರಿಗಾಲಲ್ಲಿ ಓಡಿಬಂದು ನನ್ನ ಸುತ್ತ ನಿಂತಿದ್ದಾರೆ. ಮಾಲೀಕರು ಏದುಸಿರು ಬಿಡುತ್ತಲೇ, "ಹೆಂಗ ಅನಸ್ತು ಅಣ್ಣಾರ?" ಎಂದರು. "ಸ್ವಲ್ಪ ಹಳದಿ ಹೊಡಿತೈತ್ರಿ" ಎಂದೆ. ಅದು ನಿಜವೂ ಆಗಿತ್ತು. ಈ ಆಕಾರದ ಹರಳು ಬಣ್ಣವನ್ನು ಒಳಗೇ ಹಿಡಿದಿಡುತ್ತದಂತೆ, ಬಂಗಾರದಲ್ಲಿ ಕೂರಿಸಿದರೆ ಗೊತ್ತಾಗುವುದಿಲ್ಲವಂತೆ. ಗೀತಾ ಮಾತ್ರ ಒಳಗೆ ಕುಳಿತು ಶಾಂತವಾಗಿ ನೋಡಿದಳು. ಕೆಲವು ಹರಳುಗಳಲ್ಲಿ ಬೆಳಕು ಪುಡಿಪುಡಿಯಾಗಿ ಚೆಲ್ಲುತ್ತಿತ್ತು; ಒಂದರಲ್ಲಿ ಮಾತ್ರ ಅಗಲವಾಗಿ, ನಿಧಾನವಾಗಿ ಹೊಳೆಯುತ್ತಿತ್ತು. "ಇದ" ಎಂದಳು. ಒಂದೇ ಮಾತು. ಅವಳ ಮುಖ ನೋಡಿ ನನ್ನ ಎಲ್ಲ ದಣಿವೂ ಇಳಿಯಿತು ಎನ್ನಬೇಕು. ಸುಳ್ಳು ಯಾಕೆ, ಅರ್ಧ ಇಳಿಯಿತು.

ಉಳಿದರ್ಧ ಮನೆಯಲ್ಲಿ ದುಪ್ಪಟ್ಟಾಯಿತು. ಮನೆಯಲ್ಲಿ ನನ್ನ ಅವ್ವ ಇದ್ದಾಳೆ. ವಜ್ರವೆಂದರೆ ಅದು ಆಗಿಬರಬೇಕು, ಒಂದು ವಾರ ಮನೆಯಲ್ಲಿಟ್ಟು ನೋಡಬೇಕು, ಕೆಟ್ಟದ್ದೇನಾದರೂ ನಡೆದರೆ ತಿರುಗಿ ಕೊಡಬೇಕು ಎಂಬುದು ಅವಳ ಕಾಲದ ಕಟ್ಟಳೆ. ನಮ್ಮ ಕಡೆಯ ಹಳೆಯ ಅಂಗಡಿಗಳವರು ಇದಕ್ಕೆ ಒಪ್ಪಿಯೇ ಹರಳು ಕೊಡುತ್ತಾರೆ. ಗಲಗಲಿಯ ನಮ್ಮ ಅತ್ತೆಯೊಬ್ಬಳು ಪರೀಕ್ಷೆ ಮಾಡದೆ ವಜ್ರದ ಮೂಗುಬಟ್ಟು ಹಾಕಿಕೊಂಡ ವರ್ಷವೇ ಹೊಳೆ ಮನೆಯೊಳಗೆ ಬಂದಿತ್ತಂತೆ. ಗಲಗಲಿಯ ಮನೆಗಳಿಗೆ ಬರಲು ಕೃಷ್ಣೆಗೆ ಮೂಗುಬಟ್ಟಿನ ನೆಪ ಬೇಕಾಗಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವ್ವ ಕೇಳಲಿಲ್ಲ. ಹರಳನ್ನು ಅಂಗೈಯಲ್ಲಿಟ್ಟುಕೊಂಡು, "ಚೌಕ ಅಂದ್ರ ಚೌಕ ಇರಬೇಕು, ದುಂಡಗ ಅಂದ್ರ ದುಂಡಗ ಇರಬೇಕು. ಇದೇನ ಬೇ, ಕುಂತು ಕುಂತು ಸವದ ಗಾದಿ ಇದ್ದಂಗ ಐತಿ!" ಎಂದಳು. ಆದರೂ ಬಿಳಿ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟಳು. "ಈ ಸ್ವಾಮಾರದಿಂದ ಮುಂದಿನ ಸ್ವಾಮಾರದ ತನಕಾ. ಒಂದ ಒಂದು ಅಪಶಕುನ ಆಗಲಿ, ತಿರುಗಿ ಜಮಖಂಡಿಗಿ."

ಗೀತಾ ನನ್ನನ್ನು ಅಂಗಡಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. "ಅಪ್ಪಾಜಿ, ಕೈ ಮುಗೀತೀನಿ. ಒಂದು ವಾರ ಗೊಣಗಬ್ಯಾಡ್ರಿ. ನೀವು ಉಸ್ಸಂದ್ರ ಸಾಕು, ಅಜ್ಜಿ ಅದನ್ನ ಕಲ್ಲಿನ ಮ್ಯಾಲ ಹಾಕ್ತಾಳ. ನನಗ ಅದ ಹರಳ ಬೇಕ್ರಿ" ಎಂದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಸಣ್ಣವಳಿದ್ದಾಗಿನಿಂದ ಇದು ಬೇಕು ಎಂದು ಹಟ ಮಾಡಿದವಳಲ್ಲ; ಅಂಗಡಿಯಲ್ಲಿ ಯಾರೂ ಒಯ್ಯದೆ ಉಳಿದ ಬಟ್ಟೆಯಲ್ಲೇ ಹಬ್ಬ ಮಾಡಿದ ಹುಡುಗಿ. ಆಯಿತು ಎಂದೆ.

ಬೇಕಾದರೆ ನೋಡಿ, ಯಾವ ವಾರ ನೀವು ಸುಖವಾಗಿ ಕಾಣಬೇಕೋ ಅದೇ ವಾರ ಎಲ್ಲವೂ ಕೆಡುತ್ತದೆ. ಮಂಗಳವಾರ ಮಗ್ಗದ ಮೋಟಾರು ಸುಟ್ಟಿತು. ಖಟಖಟ ಸದ್ದು ನಿಂತದ್ದೇ ಅವ್ವ, "ಯಾಕ ಮಗ್ಗ ನಿಂತಾವು?" ಎಂದಳು. "ನೇಯಾವ್ರಿಗಿ ನಾನ ರಜಾ ಕೊಟ್ಟೇನಿ ಯವ್ವಾ, ಖುಷೀಲೆ" ಎಂದೆ. ನನ್ನ ಜೀವನದಲ್ಲಿ ನಾನು ಖುಷಿಯಿಂದ ಕೊಟ್ಟ ಮೊದಲ ರಜೆ ಅದು. ಗುರುವಾರ ಬೀಳಗಿಯ ವ್ಯಾಪಾರಿ ಒಯ್ದ ಸೀರೆಗಳನ್ನು ಕಲೆ ಬಿದ್ದಿವೆ ಎಂದು ಗಂಟು ಕಟ್ಟಿ ವಾಪಸ್ಸು ಕಳಿಸಿದ. ಗಂಟು ಮನೆಯೊಳಗೆ ಬರುವಾಗ "ಹೊಸಾ ಮಾಲು ಬಂತು!" ಎಂದು ನಾನೇ ಕೂಗಿ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿಸಿದೆ. ಇಂಥದನ್ನೆಲ್ಲ ನಂಬುವವನಲ್ಲ ನಾನು. ಆದರೂ ಗಂಟಿಗೆ ಕೈ ಮುಗಿಯುವಾಗ ಓರೆಗಣ್ಣಿನಿಂದ ಜಗಲಿಯ ಕಡೆ ನೋಡಿದ್ದು ನಿಜ. ಶನಿವಾರ ಬಚ್ಚಲಲ್ಲಿ ಕಾಲು ಜಾರಿ ಸೊಂಟ ಉಳುಕಿತು. ಬಿದ್ದ ಸದ್ದು ಮುಚ್ಚಲು ಸರೋಜಾ ಅಡುಗೆಮನೆಯಲ್ಲಿ ಬೇಕೆಂದೇ ಹಿತ್ತಾಳೆಯ ಕೊಡ ಬೀಳಿಸಿದಳು, ಅವ್ವನಿಂದ ಬೈಸಿಕೊಂಡಳು. ನಾನು ಗೋಡೆ ಹಿಡಿದು ಎದ್ದು ಬಂದು, ಅವ್ವನ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ರೊಟ್ಟಿ ಉಂಡೆ. ನೋವು ಹೆಚ್ಚಾದಾಗ ನಗುತ್ತಿದ್ದೆ. ಅವ್ವ ನನ್ನನ್ನೇ ನೋಡುತ್ತ ಇನ್ನೊಂದು ರೊಟ್ಟಿ ಹಾಕಿಸಿದಳು.

ಸೋಮವಾರ ಬಂತು. ಅವ್ವ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಗೀತಾ ಬಾಗಿಲ ಹತ್ತಿರ ಸೆರಗಿನಂತೆ ದುಪಟ್ಟಾ ಹಿಂಡುತ್ತ ನಿಂತಿದ್ದಳು. ಅವ್ವ ಗಂಟು ಬಿಚ್ಚುವ ಮೊದಲು ನನ್ನ ಕಡೆ ತಿರುಗಿ, "ಶಂಕ್ರಾ, ನೀ ಮೊನ್ನಿಯಿಂದ ಸೊಟ್ಟ ನಡ್ಯಾಕತ್ತಿ. ಸೊಂಟಕ್ಕ ಏನಾಗೇತಿ? ಖರೆ ಹೇಳು" ಎಂದಳು. ಗೀತಾಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಏನೂ ಆಗಿಲ್ಲ ಬೇ, ನೋಡು!" ಎಂದು ನಾನು ಗಕ್ಕನೆ ಬಗ್ಗಿ ನೆಲ ಮುಟ್ಟಿ ತೋರಿಸಿದೆ. ಮುಟ್ಟಿದ್ದೇನೋ ಸರಿ, ಏಳಲು ಬರಲಿಲ್ಲ. ಸೊಂಟ ಹಿಡಿದೇಬಿಟ್ಟಿತು. ಕೈಗಳು ಸರಿಯಾಗಿ ಅವ್ವನ ಪಾದಗಳ ಮೇಲಿದ್ದವು.

ಆಮೇಲೆ ತಲೆಯ ಮೇಲೆ ಅವ್ವನ ಕೈ ಬಂತು. "ದಸರಾಕ್ಕ ಬನ್ನಿ ಕೊಡುವಾಗ ಬಿಟ್ರ ಕಾಲಿಗಿ ಬಿದ್ದವನಲ್ಲ ನೀ" ಎಂದಳು, ಧ್ವನಿ ಒದ್ದೆಯಾಗಿತ್ತು. "ನಿಮ್ಮಪ್ಪ ಹ್ವಾದ ಮ್ಯಾಲ ನೀ ನನ್ನ ಮುಂದ ಕುಂತು ನಕ್ಕೋತ ಉಂಡದ್ದು ಈ ವಾರ ಒಂದ. ಇದು ಛಲೋ ಕಲ್ಲ ಐತಿ. ಹುಡುಗಿಗಿ ಇದ ಇರಲಿ." ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟು ಅವ್ವನ ಮಾತಿಗೆ, ಎಷ್ಟು ಸೊಂಟಕ್ಕೆ ಎಂದು ನಾನು ಇವತ್ತಿಗೂ ಬಿಡಿಸಿ ಹೇಳಲಾರೆ. ತಾವೂ ನಮಸ್ಕಾರ ಮಾಡುವ ನೆಪದಲ್ಲಿ ಸರೋಜಾ ಒಂದು ಕಡೆ, ಗೀತಾ ಒಂದು ಕಡೆ ಬಂದು ಬಗ್ಗಿ, ಏಳುವಾಗ ನನ್ನನ್ನೂ ಎತ್ತಿಕೊಂಡೇ ಎದ್ದರು.

ನಿಶ್ಚಯ ಚೆನ್ನಾಗಿ ಆಯಿತು. ಉಂಗುರ ಮಗಳ ಬೆರಳಲ್ಲಿ ಅಗಲವಾಗಿ, ನಿಧಾನವಾಗಿ ಹೊಳೆಯುತ್ತಿದೆ. ಆದರೆ ಅವ್ವ ಈಗ ದಿನಾ ಬೆಳಿಗ್ಗೆ ಮಂಚದಿಂದ ಕಾಲು ಇಳಿಬಿಟ್ಟು ನನ್ನ ನಮಸ್ಕಾರಕ್ಕಾಗಿ ಕಾಯುತ್ತಾಳೆ. ಒಂದು ದಿನ ತಪ್ಪಿದರೂ ಕಲ್ಲಿನ ಗುಣ ತಿರುಗಿತು ಎಂದುಬಿಡುತ್ತಾಳೆ ಎಂಬ ಭಯ ನನಗೆ. ಮದುವೆ ಇನ್ನೂ ದೂರವಿದೆ. ಹಾಗಾಗಿ ನಾನು ದಿನವೂ ಬಗ್ಗುತ್ತೇನೆ, ಏಳುತ್ತೇನೆ, ನಗುತ್ತ ರೊಟ್ಟಿ ಉಣ್ಣುತ್ತೇನೆ, ನೂಲಿನ ದರದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇಂಥ ಸುಖದಿಂದ ಮನುಷ್ಯ ಎಷ್ಟು ದಣಿಯುತ್ತಾನೆ ಎಂಬುದು ಅನುಭವಿಸಿದವರಿಗೇ ಗೊತ್ತು. ಈ ನಡುವೆ ಸೊಂಟದ ನೋವು ಪೂರ್ತಿ ಹೋಗಿದೆ, ಮೊಣಕಾಲೂ ಹಗುರಾಗಿದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಆ ಕಲ್ಲನ್ನು ನಾನೂ ನಂಬಿದೆ ಎಂದಾಗುತ್ತದೆ.