ನಕಾಶೆಯ ಬಾಣ

ಬೀರವ್ವ: ಮೊದಲ ಈ ಬಾಣ ಹೊಳ್ಳಿಸು. ಆಮ್ಯಾಲ ಸಹಿ ಮಾತು.

ಪಂಕಜ: ಮಾವಶಿ, ಅದು ಬರೇ ಅಂದಾಜರಿ. ನೀರು ಹಿಂಗ ಹರೀತದ ಅಂತ ಹಿಡದು ಹಿಶೇಬ ಸುರು ಮಾಡೋದು. ತಪ್ಪಿದ್ರ ಉತ್ತರ ಮೈನಸ್ ಬರ್ತದ.

ಬೀರವ್ವ: ಅಂದಾಜ ಇದ್ರ ನಮ್ಮ ಮನಿಯಿಂದ ಆಕಿ ಮನಿಗಿ ಯಾಕ ಹಿಡೀಲಿಲ್ಲ?

ಪಂಕಜ ನಕಾಶೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಕವಲಾಪುರದ ಆ ಎರಡು ಓಣಿಗಳ ನೀರಿನ ಪೈಪು ಕೊನೆಯ ಮನೆಗಳ ಹತ್ತಿರ ಬಂದು ಸುಮ್ಮನೆ ಮುಗಿದುಹೋಗುತ್ತದೆ. ಒಂದರ ತುದಿಯಲ್ಲಿ ಬೀರವ್ವನ ಮನೆ. ಬೆಳಿಗ್ಗೆ ಎರಡು ಕೊಡ ತುಂಬುವಷ್ಟರಲ್ಲಿ ನಳ ಬರೀ ಗಾಳಿ ಊದತೊಡಗುತ್ತದೆ. ಉಳಿದದ್ದನ್ನು ಆಕೆ ಬೋರಿನಿಂದ ಹೊರಬೇಕು. ಮಿರಜಿನ ಎಂಜಿನಿಯರ್ ಪಂಕಜ ಎರಡೂ ತುದಿಗಳನ್ನು ಜೋಡಿಸಿ ಬಳೆಯ ಹಾಗೆ ಮಾಡುವವನಿದ್ದ. ಆಗ ನೀರು ಎರಡೂ ಕಡೆಯಿಂದ ಬರುತ್ತದೆ. ಜೋಡಣೆ ಬೀಳುವುದು ಮಾತ್ರ ಬೀರವ್ವನ ಹಿತ್ತಲಿಗೂ ಇನ್ನೊಂದು ಓಣಿಯ ತುದಿಯಲ್ಲಿರುವ ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಕೃಷ್ಣವ್ವನ ಹಿತ್ತಲಿಗೂ ನಡುವಿನ ಗೋಡೆಯ ಬುಡದಲ್ಲಿ; ಅದಕ್ಕೆ ಇಬ್ಬರ ಒಪ್ಪಿಗೆಯ ಸಹಿಯೂ ಬೇಕು. ಎಂಟು ವರ್ಷದ ಹಿಂದೆ ಅದೇ ಗೋಡೆಯ ಜಗಳದಲ್ಲಿ ಬೀರವ್ವ ಬೀರೋಬ ದೇವರ ಭಂಡಾರದ ಅರಿಸಿನ ಮುಟ್ಟಿ, ಆ ಮನೆಯ ಹನಿ ನೀರು ಬಾಯಿಗೆ ಹಾಕುವುದಿಲ್ಲವೆಂದು ಆಣೆ ಮಾಡಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಕಾಶೆಯ ಬಾಣವೋ, ಕೃಷ್ಣವ್ವನ ಮನೆಯಿಂದ ನೇರ ಇವಳ ಅಡುಗೆಮನೆಗೇ ಬಂದಿತ್ತು.

ಪಂಕಜ ಬಾಣ ಅಳಿಸಿ, ತಿರುಗಿಸಿ ಬರೆದು, ಲ್ಯಾಪ್‌ಟಾಪಿನಲ್ಲಿ ಮತ್ತೆ ಲೆಕ್ಕ ಹಾಕಿದ. ಮೈನಸ್ ಬಂತು; ನೀರು ಕೃಷ್ಣವ್ವನ ಕಡೆಯಿಂದಲೇ ಬರುತ್ತದೆ ಎಂದರ್ಥ. ಸುಳ್ಳು ಹೇಳಬಹುದಿತ್ತು. ಹೊಸ ನೌಕರಿ, ಪಾಪ, ನಿಜ ಹೇಳಿಬಿಟ್ಟ. ಅಲ್ಲೇ ಕೂತಿದ್ದ ಬೀರವ್ವನ ಗಂಡ ಗುರಲಿಂಗ ನಡುವೆ ಬಾಯಿ ಹಾಕಿದ.

ಗುರಲಿಂಗ: ನೀರು ಊರ ಟಾಕೀದು. ನಮ್ಮ ವೈನಿ ಏನ ಬಾವಿ ತೋಡ್ಯಾಳೇನು?

ಬೀರವ್ವ: ಆಕಿ ಅಂಗಳ ದಾಟಿ ಬಂದ್ರ ಆಕಿದ. ನೀವು ಸುಮ್ಮ ಕುಂದ್ರಿ.

ಗಂಡ ನಲವತ್ತು ವರ್ಷದ ರೂಢಿಯಂತೆ ಎಲೆ-ಅಡಿಕೆ ಚೀಲ ಬಿಚ್ಚಿದ.

ಬೀರವ್ವ: ನಮ್ಮ ಓಣ್ಯಾಗ ದಪ್ಪ ಪೈಪ ಹಾಕು. ಆಗ ನಮ್ಮ ಕಡಿಯಿಂದ ಹೋಗ್ತದೋ ಇಲ್ಲೋ?

ಪಂಕಜ: ನಾಕ ಇಂಚಿನ ಬದಲಿ ಆರ ಇಂಚ ಹಾಕಿದ್ರ ಹೋಗ್ತದರಿ. ಆದ್ರ ಮಂಜೂರಿ ನಾಕಕ್ಕಷ್ಟೇ ಅದ.

ಬೀರವ್ವ: ಹಂಗಾರ ನಿನ್ನ ಕಾಗದ ನೀನ ಒಯ್ಯಿ.

ಕಾಗದ ಒಯ್ದರೆ ಎರಡೂ ಓಣಿಯ ಬಳೆ ಅರ್ಧಕ್ಕೇ ನಿಲ್ಲುತ್ತದೆ, ಆಕೆಗೆ ಕೊಡ ಹೊರುವುದು ತಪ್ಪುವುದಿಲ್ಲ. ಪಂಕಜ ತಲೆ ಕೆರೆದುಕೊಂಡ.

ಪಂಕಜ: ಮ್ಹಂಜೆ, ಅಂದ್ರ... ಇನ್ನೊಂದು ಅದ. ನೀವು ನಳ ಬಂದ್ ಇಟ್ಟು ಅವರು ತೆಗದ್ರ, ನೀರು ನಿಮ್ಮ ಮನಿ ದಾಟಿ ಅವರಿಗಿ ಹೋಗ್ತದ. ಅವರು ಬಂದ್ ಇಟ್ರ ನಿಮಗ ಬರ್ತದ. ನಿನ್ನೆ ಅವರೂ ಇದನ್ನ ಕೇಳಿದ್ರು.

ಬೀರವ್ವ: ಯಾಕ? ಆಕಿಗೇನ ಬೇಕಿತ್ತು?

ಪಂಕಜ: ಮುಂಜಾನೆ ತಮ್ಮ ನಳ ಬಂದ್ ಇಡ್ತಾರಂತ. 'ಮೊಣಕಾಲ ಬ್ಯಾನಿ ಇಟಗೊಂಡು ಕೊಡ ಹೊರ್ತಾಳ, ಮೊದಲ ಆಕಿದ ತುಂಬಲಿ' ಅಂದ್ರು. ಸಹಿ ಮಾಡ್ಯಾರ. ನಿಮಗ ಹೇಳಬ್ಯಾಡ ಅಂದಿದ್ರು.

ಬೀರವ್ವ ಕಾಗದ ಹತ್ತಿರಕ್ಕೆ ಎಳೆದುಕೊಂಡಳು. ಎಂಟು ವರ್ಷ ಸಿಟ್ಟಾಗಿದ್ದಷ್ಟೇ ಎಂಟು ವರ್ಷ ಆ ಹೆಂಗಸಿನ ನೆನಪೂ ಆಗಿತ್ತು. ಅದನ್ನು ಯಾರ ಮುಂದೆ ಹೇಳುವುದು? ಸೆರಗಿನಿಂದ ಮೂಗೊರೆಸಿಕೊಂಡು ಸಹಿ ಹಾಕಿದಳು.

ಬೀರವ್ವ: ಆಕಿ ಬಂದ್ ಇಡ್ತಾಳಾ? ನಾನೂ ಇಡ್ತೀನಿ. ಮೊದಲ ಆಕಿದ ತುಂಬಲಿ. ನೀ ಆಕಿಗಿ ಹೇಳಬ್ಯಾಡ.

ಪಂಕಜ ಹೇಳಲಿಲ್ಲ. ಪೈಪು ಜೋಡಿಸಿದ ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ಆ ಎರಡೇ ಮನೆಗಳಿಗೆ ನೀರು ಬಿಟ್ಟರು. ಈಕೆಯ ನಳ ಬಂದ್, ಆಕೆಯ ನಳವೂ ಬಂದ್. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಖಾಲಿ ಕೊಡ ಇಟ್ಟುಕೊಂಡು, ಆಚೆ ಕೊಡ ತುಂಬುವ ಸದ್ದಿಗೆ ಕಿವಿಗೊಟ್ಟು ಕೂತರು. ನೀರಿಗೆ ಹೋಗಲು ದಾರಿಯಿಲ್ಲ. ಗೋಡೆಯ ಬುಡದ ಹಸಿ ಜೋಡಣೆ ಕಿತ್ತುಕೊಂಡು ಆಳೆತ್ತರದ ಕಾರಂಜಿ ಎದ್ದಿತು. ನೆಗೆಣ್ಣಿಯರಿಬ್ಬರೂ ಸೀರೆ ಎತ್ತಿಕೊಂಡು ಓಡಿ ಬಂದರು, ನೆತ್ತಿಯಿಂದ ಪಾದದವರೆಗೆ ತೊಯ್ದರು.

ಕೃಷ್ಣವ್ವ: ನಳ ತಗೀಲಿಕ್ಕೆ ಏನ ಧಾಡಿ ಆಗಿತ್ತು ನಿನಗ?

ಬೀರವ್ವ: ನೀ ಯಾಕ ತಗೀಲಿಲ್ಲಕ್ಕಾ? ಖಾಲಿ ಕೊಡ ಇಟಗೊಂಡು ಕುಂತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದಿ?

ಕೃಷ್ಣವ್ವ ಅದಕ್ಕೆ ಎರಡು ಮಾತು ಅಂದಳು. ಬೀರವ್ವ ನಾಲ್ಕು ಅಂದಳು. ಪಂಕಜ ಗಾಬರಿಯಾಗಿ ವಾಲ್ವ್ ಮುಚ್ಚಲು ಓಡಿದ. ಗುರಲಿಂಗ ಅವನ ತೋಳು ಹಿಡಿದು ನಿಲ್ಲಿಸಿದ.

ಗುರಲಿಂಗ: ತಡೀರಿ ಸಾಹೇಬ್ರ. ನೀರು ನಿಂತ್ರ ಮಾತೂ ನಿಂತಾವು. ಇನ್ನೊಂದು ಹತ್ತು ಮಿನಿಟ ಹರೀಲಿ.