ಆಶಪ್ಪ ಉಸ್ತಾದರ ಅಳಿಯನ ವಿಮಾನ

ಮಕ್ತಲಿನ ಸುತ್ತಮುತ್ತ ಯಾರ ಬೋರಿನ ಮೋಟರು ಸುಟ್ಟರೂ ಅದು ಬರುವುದು ಆಶಪ್ಪ ಉಸ್ತಾದರ ವೈಂಡಿಂಗ್ ಅಂಗಡಿಗೆ. ಅಲ್ಲಿ ಕೆಲಸ ಕಲಿತು ಅವರ ಅಳಿಯನೂ ಆದ ಮೈಲಾರಲಿಂಗನಿಗೆ ಮಾತ್ರ ಆರು ತಿಂಗಳಿಂದ ಬೇರೆಯದೇ ಹುಚ್ಚು ಹತ್ತಿತ್ತು. ಗದ್ವಾಲಿನ ಗುಜರಿಯಿಂದ ಕೆಟ್ಟ ಸಿ.ಡಿ. ಡ್ರೈವುಗಳನ್ನು ಚೀಲಗಟ್ಟಲೆ ತರುವುದು, ಒಳಗಿನ ಪುಟ್ಟ ಮೋಟರು ಬಿಚ್ಚಿ ಹೊಸ ತಂತಿ ಸುತ್ತುವುದು, ಆಯಸ್ಕಾಂತ ಅಂಟಿಸುವುದು, ಪುಟ್ಟ ಪಂಕ ಸಿಕ್ಕಿಸಿ ಥರ್ಮಾಕೋಲಿನ ವಿಮಾನಕ್ಕೆ ಕೂರಿಸುವುದು. ಅಷ್ಟರಲ್ಲಿ ಸುಟ್ಟ ಪಂಪುಗಳು ರೇಷನ್ ಅಂಗಡಿಯ ಮುಂದಿನ ಜನರಂತೆ ಬಾಗಿಲಲ್ಲಿ ಸಾಲುಗಟ್ಟಿದ್ದವು.

ಉಸ್ತಾದರು ಕೊನೆಗೊಂದು ಶರತ್ತು ಹಾಕಿದರು. "ಜೂನ್ ಎರಡಕ್ಕ ಸಾಲ್ಯಾಗ ಝಂಡಾ ಏರಸ್ತಾರ. ಅಲ್ಲಿ ಊರ ಮುಂದ ಇದನ್ನ ಹಾರ್ಸು. ಹಾರಿದ್ರ ನಾ ಅಡ್ಡ ಬರಂಗಿಲ್ಲ. ಹಾರ್ಲಿಲ್ಲಂದ್ರ ವಿಮಾನದ ಮಾತು ಬಂದ್, ಬರೇ ಪಂಪ್ ಸುತ್ತಬೇಕು. ಖಬೂಲೇನು?"

"ಖಬೂಲ್ ರೀ ಮಾವಾರ," ಎಂದ ಮೈಲಾರಲಿಂಗ. ವಿಮಾನ ಬಿಟ್ಟು ಬದುಕುವುದು ಹೇಗೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ.

ತೆಲಂಗಾಣ ರಾಜ್ಯವಾಗಿ ಅದು ಎರಡನೆಯ ವರ್ಷದ ಹಬ್ಬ. ಬೆಳಿಗ್ಗೆ ಅಂಗಳದಲ್ಲಿ ವಿಮಾನಕ್ಕೆ ದಾರ ಕಟ್ಟಿ ಚಾಲೂ ಮಾಡಿದ. ಅದು ಹಗ್ಗ ಜಗ್ಗುವ ಎಳೆಗರುವಿನಂತೆ ಮುಂದಕ್ಕೆ ಜಗ್ಗಿತು. ಹೆಂಡತಿ ಮಲ್ಲೇಶ್ವರಿ, "ಹಾರ್ತೈತಿ ಬಿಡ್ರಿ. ಮೊದ್ಲು ಜಳಕ ಮಾಡಿ ಒಗೆದ ಅಂಗಿ ಹಾಕ್ಕೋರಿ," ಎಂದು ಒಳಗೆ ಅಟ್ಟಿದಳು.

ಅಂಗಳದಲ್ಲಿ ಉಳಿದವರು ಉಸ್ತಾದರು ಮತ್ತು ಪಕ್ಕದ ಟೇಲರ್ ಯಲ್ಲಯ್ಯ. ಕರೆಯದಿದ್ದರೂ ಬಂದು ಸಲಹೆ ಕೊಡುವುದು ಯಲ್ಲಯ್ಯನ ಹವ್ಯಾಸ.

"ಉಸ್ತಾದ್, ನೋಡಿದ್ರೇನು? ಒಳಗಿನ ಕಡ್ಡಿ ಅಷ್ಟ ತಿರುಗೋದು ಬಿಟ್ಟು ಮ್ಯಾಲಿನ ಡಬ್ಬೀನ ತಿರುಗಾಕ ಹತ್ತಿತ್ತು. ಇಂಥಾ ಮೋಟರ್ ಎಲ್ಲ್ಯಾರ ಐತೇನ್ರಿ? ನಿಮ್ಮ ಅಳಿಯ ಮಂದ್ಯಾಗ ನಗೆಪಾಟಲಾಗ್ತಾನ."

ಉಸ್ತಾದರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ಶಾಲೆಯ ಮೈದಾನದಲ್ಲಿ ಝಂಡಾ ಏರಿತು, ಭಾಷಣ ಮುಗಿಯಿತು, ಬಿಸಿಲು ನೆತ್ತಿ ಸುಡತೊಡಗಿತು. ಹೆಡ್‌ಮೇಡಂ ಉಮಾಶ್ರೀ ಕೈ ತೋರಿದರು. ಮೈಲಾರಲಿಂಗ ವಿಮಾನವನ್ನು ನೆಲಕ್ಕಿಟ್ಟು ರಿಮೋಟಿನ ಕಡ್ಡಿ ತಳ್ಳಿದ. ವಿಮಾನ ಹಿಂದಕ್ಕೆ ಹೊರಟಿತು. ಗಾಬರಿಯಲ್ಲಿ ಇನ್ನಷ್ಟು ತಳ್ಳಿದ. ಅದು ಇನ್ನಷ್ಟು ಜೋರಾಗಿ ಹಿಂದಕ್ಕೋಡಿ ಝಂಡಾ ಕಟ್ಟೆಗೆ ಬಡಿದು ಬಾಲ ಮುರಿದುಕೊಂಡಿತು.

"ಲಿಂಗಣ್ಣ, ರಿವರ್ಸ್ ಗೇರ್ ಚಲೋ ಹಾಕೀಯಪ್ಪಾ," ಎಂದು ಯಲ್ಲಯ್ಯ ಕೂಗಿದ. ಮೈದಾನವೆಲ್ಲ ನಕ್ಕಿತು.

ಮೈಲಾರಲಿಂಗ ಮೋಟರು ನಿಲ್ಲಿಸಿ ಓಡಿಹೋಗಿ ನೋಡಿದ. ಪಂಪು ಉಲ್ಟಾ ತಿರುಗಿದರೆ ಮೂರರಲ್ಲಿ ಎರಡು ವೈರು ಅದಲುಬದಲು ಮಾಡಬೇಕೆಂಬುದು ಈ ಸೀಮೆಯ ಎಲ್ಲ ರೈತರಿಗೂ ಗೊತ್ತು. ಇಲ್ಲಿ ಯಾರೋ ಅದನ್ನೇ ಮಾಡಿದ್ದರು. ಅವನು ಸುತ್ತಿದ್ದ ಕೆಂಪು ಟೇಪಿನ ಜಾಗದಲ್ಲಿ ಕಪ್ಪು ಟೇಪಿತ್ತು. ಅಷ್ಟು ಅಚ್ಚುಕಟ್ಟಾಗಿ ಟೇಪು ಸುತ್ತುವ ಕೈ ಮಕ್ತಲಿನಲ್ಲಿ ಒಂದೇ. ತಲೆ ಎತ್ತಿದ. ಈ ಮೋಟರಿನಲ್ಲಿ ಡಬ್ಬಿಯೇ ತಿರುಗಬೇಕೆಂದು ಅರಿಯದೆ ಅಳಿಯನ ಮಾನ ಉಳಿಸಲು ಹೋಗಿದ್ದ ಉಸ್ತಾದರು ಬೆವರುತ್ತ ಝಂಡಾವನ್ನೇ ನೋಡುತ್ತಿದ್ದರು.

ಮೈಲಾರಲಿಂಗನ ಸಿಟ್ಟೆಲ್ಲ ಕರಗಿತು. ಮೂವತ್ತು ವರ್ಷ ಮೋಟರು ಸುತ್ತಿದ ಉಸ್ತಾದರು ವೈರು ತಪ್ಪಾಗಿ ಜೋಡಿಸಿದರೆಂದು ಊರ ಮುಂದೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನಂದ ತಪ್ಪು ರೀ. ವೈರ್ ಉಲ್ಟಾ ಕೊಟ್ಟೀನಿ," ಎಂದುಬಿಟ್ಟ.

"ಇರ್ಲಿ, ಮೋಟರಾದ್ರೂ ತೋರ್ಸಪ್ಪ," ಎಂದರು ಉಮಾಶ್ರೀ ಕರುಣೆಯಿಂದ. ಮುರಿದ ವಿಮಾನವನ್ನು ಅತಿಥಿಗಳ ಮೇಜಿನ ಮೇಲೆ ಒತ್ತಿ ಹಿಡಿದು ಚಾಲೂ ಮಾಡಿದ. ಎದುರಿಗೆ ನಿಂತಿದ್ದ ಮೇಡಂ ಮುಖಕ್ಕೆ ಗಾಳಿ ಬೀಸಿತು. ಅವರು ಕಣ್ಣು ಮುಚ್ಚಿದರು. ಅತಿಥಿಗಳು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಇದು ಬ್ಯಾಟರೀದ ಅಲ್ಲೇನು? ಕರೆಂಟ್ ಹೋದ್ರೂ ತಿರುಗ್ತೈತಿ. ನಮ್ಮ ಸಾಲಿಗೆ ಇಂಥಾ ಹತ್ತು ಫ್ಯಾನ್ ಮಾಡಿಕೊಡ್ರಿ," ಎಂದರು ಮೇಡಂ.

"ಮೇಡಂ, ಅದು ವಿಮಾನ..." ಎಂದು ಮೈಲಾರಲಿಂಗ ಬಾಯಿ ತೆರೆಯುವಷ್ಟರಲ್ಲಿ ಉಸ್ತಾದರು ಕೆಮ್ಮಿ ಎದ್ದು ನಿಂತರು.

"ಆ ವೈರ್ ತಿರುಗಿಸಿ ಹಾಕಿದಾಂವ ನಾನ ರೀ. ಗಾಳಿ ಈ ಕಡಿ ಬರ್ಲಿ ಅಂತ."

ಮೈದಾನ ಚಪ್ಪಾಳೆ ತಟ್ಟಿತು. ಸನ್ಮಾನದ ಶಾಲು ಉಸ್ತಾದರ ಹೆಗಲೇರಿತು. ಮೈಲಾರಲಿಂಗನೂ ಚಪ್ಪಾಳೆ ತಟ್ಟಿದ, ಬೇರೇನು ಮಾಡುವುದು?

ಸಂಜೆ ಅವನು ಅಂಗಡಿಯಲ್ಲಿ ಮೊದಲ ಫ್ಯಾನಿನ ತಂತಿ ಸುತ್ತಲು ಕೂತ. ಉಸ್ತಾದರು ಶಾಲು ಹೊದ್ದೇ ಪಕ್ಕಕ್ಕೆ ಬಂದು ಕೂತು, ಮೆಲ್ಲಗೆ ಅವನ ಬೆನ್ನು ತಟ್ಟಿದರು.

"ನೀ ಸುತ್ತಿದ್ರ ಸಾಕು ಅಳಿಯಪ್ಪ, ವೈರ್ ನಾ ಜೋಡಸ್ತೀನಿ. ನಿನ್ನ ಕೈಗೆ ಬಿಟ್ರ ಹಾರಿಗೀರಿಬಿಟ್ಟಾವು."