ಅತ್ತೆ ಕಾಯ್ದ ಆಕಾಶ

ಭೂಮಿ ತಿರುಗುತ್ತದೆ ಎಂಬುದನ್ನು ಏಳನೇ ತರಗತಿಗೆ ಕಣ್ಣಾರೆ ತೋರಿಸುತ್ತೇನೆಂದು ಶಿಕಾರಿಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಘೋಷಿಸಿದೆ. ಅಲ್ಲಿ ನಾನು ಸಾಮಾನ್ಯವಾಗಿ ಬಾಯಿ ತೆರೆಯುವುದು ಟೀ ಕುಡಿಯಲು ಮಾತ್ರ. ಉಪಾಯ ಸರಳ: ರಾತ್ರಿಯಿಡೀ ನಕ್ಷತ್ರಗಳ ಫೋಟೋ ತೆಗೆದು, ಜೋಡಿಸಿ, ವಿಡಿಯೊ ಮಾಡಿ ಓಡಿಸುವುದು.

ಸಮಾಜ ಪಾಠದ ಮೇಷ್ಟ್ರು ನನ್ನ ಪುಟ್ಟ ಕ್ಯಾಮೆರಾವನ್ನು ತಿರುಗಿಸಿ ನೋಡಿದರು. “ಇದರಾಗ ನಕ್ಷತ್ರ ಬರ್ತಾವೇನ್ರೀ ಮೇಡಂ? ನನ್ನ ಮದುವಿ ಫೋಟೋದಾಗ ನನ್ನ ಮುಖಾನೇ ಬಂದಿಲ್ಲ!”

“ಶನಿವಾರ ನೋಡಿ ಸರ್,” ಎಂದೆ. ಮಾನ ಪಣಕ್ಕಿಟ್ಟಾಗಿತ್ತು.

ಪೇಟೆಯ ಬೀದಿದೀಪ ತಪ್ಪಿಸಲು ಉಳವಿಯ ಸೋದರತ್ತೆಯ ಮನೆಗೆ ಹೋದೆ. ತಾರಸಿಯ ಬಲ್ಬ್ ಆರಿಸಿದೆ. ಸ್ಟ್ಯಾಂಡ್ ಇರಲಿಲ್ಲ, ಅಕ್ಕಿಚೀಲದ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ತಾನಾಗಿಯೇ ಫೋಟೋ ತೆಗೆಯುತ್ತಿರುವಂತೆ ಹೊಂದಿಸಿ, ಪವರ್ ಬ್ಯಾಂಕ್ ಸಿಕ್ಕಿಸಿದೆ.

“ಬೆಳಗಿನ ತನಕ ಹೊರಗೇ ಇರ್ತದೇನೆ? ಇಬ್ಬನಿ ಬೀಳ್ತದೆ ಮಾರಾಯ್ತಿ!”

“ಅತ್ತೆ, ಅದು ಹಪ್ಪಳ ಅಲ್ಲ.”

ಇಷ್ಟು ಹೇಳಿ ಹೋಗಿ ಮಲಗಿದೆ.

ಬೆಳಿಗ್ಗೆ ಕ್ಯಾಮೆರಾ ಇಟ್ಟಲ್ಲೇ ಇತ್ತು. ಒಂದು ಹನಿಯೂ ಬಿದ್ದಿರಲಿಲ್ಲ. ಅತ್ತೆಯ ಇಬ್ಬನಿಯ ಭಯ ಅವೈಜ್ಞಾನಿಕವೆಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ! ವಿಡಿಯೊ ಜೋಡಿಸಿ ಆರಂಭವನ್ನಷ್ಟೇ ನೋಡಿದೆ. ನಕ್ಷತ್ರಗಳು ನಿಜವಾಗಿಯೂ ಸರಿಯುತ್ತಿದ್ದವು. ಉಳಿದದ್ದನ್ನು ನೋಡಲಿಲ್ಲ. ವಿಜ್ಞಾನದ ಮೇಲೆ ನನಗೆ ನಂಬಿಕೆಯಿತ್ತು.

ಶನಿವಾರ ತರಗತಿಯ ಪರದೆಯ ಮೇಲೆ ಆಕಾಶ ತಿರುಗಿತು. ಮಕ್ಕಳು “ಓ!” ಎಂದರು. ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಕಪ್ಪಗಿನದೇನೋ ಬಂದು ಆಕಾಶವನ್ನು ನುಂಗಿತು. ಮರುಕ್ಷಣ ಹೊಸ ನಕ್ಷತ್ರಗಳು ಮೂಡಿದವು. ಸಾಲುಸಾಲಾಗಿ, ಸಮ ಅಂತರದಲ್ಲಿ, ಒಂದಿಷ್ಟೂ ಅಲುಗದೆ.

“ಮಿಸ್, ಭೂಮಿ ನಿಂತೋತಾ?”

ನಿಂತೇ ಇತ್ತು. ಬೆಳಕು ಹರಿಯುವವರೆಗೂ ನಿಂತಿತ್ತು. ಕೊನೆಗೆ ಎರಡು ಭಾರೀ ಕೈಗಳು ಆಕಾಶವನ್ನೇ ಎತ್ತಿದವು. ಆ ಜಾಗದಲ್ಲಿ ಪರದೆ ತುಂಬ ಅತ್ತೆಯ ಮುಖ! ಕಂಕುಳಲ್ಲಿ ಬಿದಿರು ಬುಟ್ಟಿ. ತಲೆಯ ಹಿಂದೆ, ನಾನು ಆರಿಸಿದ್ದ ಅದೇ ಬಲ್ಬ್ ಉರಿಯುತ್ತಿತ್ತು. ನಮ್ಮ ನಕ್ಷತ್ರಗಳೆಲ್ಲ ಬುಟ್ಟಿಯ ಸಂದಿಗಳಲ್ಲಿ ತೂರಿಬಂದ ಅದರ ಬೆಳಕು.

“ಕ್ಯಾಮೆರಾ ಭಾರಿ ಐತ್ರಿ ಮೇಡಂ,” ಎಂದರು ಮೇಷ್ಟ್ರು. “ಮುಖ ಎಷ್ಟು ಸ್ವಚ್ಛ ಬಂದೈತಿ!”

ಸಂಜೆ ಅತ್ತೆಗೆ ಫೋನ್ ಮಾಡಿದೆ. “ನಾ ಬುಟ್ಟಿ ಮುಚ್ಚದೇ ಇದ್ದಿದ್ರೆ ಎಲ್ಲ ನೆನೆದು ಹೋಗ್ತಿತ್ತು. ಮಕ್ಕಳಿಗೆ ಖುಷಿ ಆತಾ?”

“ಆಯಿತು ಅತ್ತೆ. ಇನ್ನೊಮ್ಮೆ ಹಾಕಿಸಿಕೊಂಡರು.” ಯಾವ ಭಾಗವನ್ನು ಎಂದು ಹೇಳಲಿಲ್ಲ.

ಸೋಮವಾರ ತರಗತಿಯಲ್ಲಿ ಕೇಳಿದೆ: “ಬೆಳಗಾಗುವುದು ಹೇಗೆ?”

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: “ನಿಮ್ಮತ್ತೆ ಬುಟ್ಟಿ ಎತ್ತಿದಾಗ ಮಿಸ್!”

ತಿದ್ದಲು ಹೋಗಲಿಲ್ಲ. ನನ್ನ ಬಳಿಯಿರುವ ಏಕೈಕ ಪುರಾವೆಯೂ ಅದನ್ನೇ ಹೇಳುತ್ತದೆ.